ಹಣಕಾಸು ಪ್ರಶ್ನೋತ್ತರ: ಡಾಲರ್ ವಹಿವಾಟಿಗೆ ಕೈಹಾಕುವ ಮುನ್ನ

ಪ್ರಶ್ನೆ: ಟೆಲಿಗ್ರಾಂ ಗುಂಪಿನಲ್ಲಿ ಯೂರೋ–ಡಾಲರ್ ಟ್ರೇಡಿಂಗ್ ಆ್ಯಪ್ ಕೊಟ್ಟಿದ್ದಾರೆ. 300 ಡಾಲರ್ ಹಾಕಿದರೆ 500 ಪಟ್ಟು ಲಿವರೇಜ್ ಅಂತೆ, ಅಂದರೆ ಹಾಕಿದ ಹಣದ 500 ಪಟ್ಟು ಮೊತ್ತದ ವಹಿವಾಟು. ಹೊಸಬರು ಸೇರಬಹುದೇ?
– ಕಾಫಿ ಬೆಳೆಗಾರರು, ಗೋಣಿಕೊಪ್ಪ

ಉತ್ತರ: ದಯವಿಟ್ಟು ಸೇರಬೇಡಿ. ಇಂಥ ಆ್ಯಪ್‌ಗಳಲ್ಲಿ ವಹಿವಾಟಿನ ಅಳತೆಯಾದ ಒಂದು ಸ್ಟ್ಯಾಂಡರ್ಡ್ ಲಾಟ್ ಎಂದರೆ 1 ಲಕ್ಷ ಯೂರೋ. ದರದ ನಾಲ್ಕನೇ ದಶಾಂಶ ಒಂದಂಕಿ ಕದಲಿದರೆ ಅದು ಒಂದು ಪಿಪ್, ಅಂದರೆ ಒಂದು ಲಾಟ್‌ಗೆ 10 ಡಾಲರ್. ನೀವು ಒಂದು ಲಾಟ್ ಕೊಂಡ ಮೇಲೆ ದರ 1.1000ದಿಂದ 1.0970ಕ್ಕೆ ಇಳಿದರೆ 300 ಡಾಲರ್ ಪೂರ್ತಿ ಹೋಯಿತು. ಇಷ್ಟು ಏರಿಳಿತ ಮಾಮೂಲಿ ದಿನದಲ್ಲೂ ಆಗುತ್ತದೆ. ಎಷ್ಟೋ ಸಲ ಅಲ್ಲಿಯವರೆಗೂ ಹೋಗುವುದಿಲ್ಲ. ಮಾರ್ಜಿನ್, ಅಂದರೆ ನೀವು ಇಟ್ಟ ಠೇವಣಿ, ಕರಗುತ್ತಿದ್ದಂತೆ ಆ್ಯಪ್ ತಾನಾಗಿಯೇ ವಹಿವಾಟು ಮುಚ್ಚಿಬಿಡುತ್ತದೆ, ಆಮೇಲೆ ದರ ಮೇಲೆ ಬಂದರೂ ನಿಮಗೆ ಸಿಗುವುದೇನಿಲ್ಲ.

ಇದು ವಿದೇಶಿ ವಿನಿಮಯ ನಿರ್ವಹಣೆಯ ಫೆಮಾ ಕಾಯ್ದೆಗೂ ವಿರುದ್ಧ. ವರ್ಷಕ್ಕೆ 2.5 ಲಕ್ಷ ಡಾಲರ್ ಹೊರಗೆ ಕಳಿಸಬಹುದಲ್ಲ ಎಂದು ಏಜೆಂಟರು ವಾದಿಸುತ್ತಾರೆ. ಆದರೆ ವಿದೇಶದ ಫಾರೆಕ್ಸ್ (ಕರೆನ್ಸಿ) ವಹಿವಾಟಿನ ಮಾರ್ಜಿನ್‌ಗೆ ಆ ಸೌಲಭ್ಯ ಇಲ್ಲ. ರಿಸರ್ವ್ ಬ್ಯಾಂಕ್ 2022ರಿಂದ ಇಂಥ ಆ್ಯಪ್‌ಗಳ ಎಚ್ಚರಿಕೆ ಪಟ್ಟಿ ಪ್ರಕಟಿಸುತ್ತಿದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದಮಾತ್ರಕ್ಕೆ ಅನುಮತಿ ಇದೆ ಎಂದಲ್ಲ. ಈಗಾಗಲೇ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ‘ತೆರಿಗೆ ಕಟ್ಟಿದರೆ ಲಾಭ ಬಿಡಿಸುತ್ತೇವೆ’ ಎಂದರೆ ಮತ್ತೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಪ್ರಶ್ನೆ: ಸಣ್ಣ ರಫ್ತುದಾರ ನಾನು. ಮೂರು ತಿಂಗಳ ನಂತರ 20,000 ಡಾಲರ್ ಬರಬೇಕು. ಡಾಲರ್ ಇಳಿದರೆ ನಷ್ಟ. ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ಡಾಲರ್ ಫ್ಯೂಚರ್ಸ್ (ಮುಂದಿನ ತಿಂಗಳ ದರದ ಒಪ್ಪಂದ) ಬಳಸಲೇ?
– ಓದುಗರು, ಕುಶಾಲನಗರ

ಉತ್ತರ: ಬಳಸಬಹುದು. ಒಂದು ಕಾಂಟ್ರಾಕ್ಟ್‌ನ ಗಾತ್ರ 1,000 ಡಾಲರ್. 20 ಕಾಂಟ್ರಾಕ್ಟ್ ಮಾರಬೇಕು. ಲೆಕ್ಕ ಚುಕ್ತಾ ಆಗುವುದು ರೂಪಾಯಿಯಲ್ಲೇ. ಡಾಲರ್ 1 ರೂಪಾಯಿ ಇಳಿದರೆ ಬಿಲ್ಲಿನಲ್ಲಿ ಹೋಗುವ 20,000 ರೂಪಾಯಿ ಫ್ಯೂಚರ್ಸ್‌ನಲ್ಲಿ ಹೆಚ್ಚುಕಡಿಮೆ ವಾಪಸ್ ಬರುತ್ತದೆ.

ತೊಂದರೆ ಆಗುವುದು ಡಾಲರ್ ಏರಿದಾಗ. ಫ್ಯೂಚರ್ಸ್ ನಷ್ಟವನ್ನು ಆಯಾ ದಿನವೇ ತುಂಬಬೇಕು, ಬಿಲ್ಲಿನ ಲಾಭ ಮೂರು ತಿಂಗಳ ಮೇಲೆ ಬರುತ್ತದೆ. ನಡುವೆ ಕೈಯಲ್ಲಿ ನಗದು ಇಲ್ಲದಿದ್ದರೆ ಬ್ರೋಕರ್ ವಹಿವಾಟು ಮುಚ್ಚುತ್ತಾರೆ, ಬೇಕಾದ ಹೊತ್ತಿಗೆ ರಕ್ಷಣೆಯೇ ಇರುವುದಿಲ್ಲ. ದೂರದ ತಿಂಗಳ ಕಾಂಟ್ರಾಕ್ಟ್‌ಗೆ ಕೊಳ್ಳುವವರೂ ಕಡಿಮೆ. ನಿಮ್ಮಂಥವರಿಗೆ ಬ್ಯಾಂಕಿನ ಜೊತೆ ನೇರವಾಗಿ ಮಾಡಿಕೊಳ್ಳುವ ಫಾರ್ವರ್ಡ್ ಒಪ್ಪಂದ ವಾಸಿ ಎಂಬುದು ನಮ್ಮ ಅಭಿಪ್ರಾಯ: ದರ ಇಂದೇ ನಿಗದಿ, ದಿನದಿನದ ವಸೂಲಿ ಸಾಮಾನ್ಯವಾಗಿ ಇರದು. ಖರೀದಿದಾರ ತಡಮಾಡಿದರೆ ಮುಂದೂಡುವ ಖರ್ಚು ಎಷ್ಟೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಹಾಗಾದರೆ ಎನ್‌ಎಸ್‌ಇಯಲ್ಲಿ ಸೇರಬಹುದಲ್ಲ ಎನ್ನುವ ಗೋಣಿಕೊಪ್ಪದವರಿಗೂ ಒಂದು ಮಾತು: ಡಾಲರ್–ರೂಪಾಯಿಯಂಥ, ರೂಪಾಯಿ ಸೇರಿದ ಜೋಡಿಗಳಲ್ಲಿ 10 ಕೋಟಿ ಡಾಲರ್‌ವರೆಗೆ ದಾಖಲೆ ತೋರಿಸಬೇಕಿಲ್ಲ, ಆದರೆ ವಿದೇಶಿ ವಿನಿಮಯದ ನಿಜವಾದ ವ್ಯವಹಾರ ಇರಲೇಬೇಕು ಎಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಸ್ಪಷ್ಟಪಡಿಸಿದೆ. ಊರಿನ ವ್ಯಾಪಾರಿಗೆ ರೂಪಾಯಿಯಲ್ಲಿ ಕಾಫಿ ಮಾರುವುದು ಅಂಥ ವ್ಯವಹಾರವಲ್ಲ.