ಕುಲುಮೆಗೆ ಹಾಕಿದ ಕಡ್ಡಿ ಕೊಳವೆಯಾಗಿ ಬರಲಿಲ್ಲ, ಯಾಕೆ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಕಾರ್ಬನ್ ನೈಟ್ರೈಡ್ (ಬೆಳಕು ಬಿದ್ದಾಗ ನೀರಿನಲ್ಲಿನ ಬಣ್ಣ, ಕೊಳೆಯನ್ನು ಒಡೆಯುವ ಪುಡಿ) ನ್ಯಾನೊಟ್ಯೂಬ್, ಅಂದರೆ ಅತಿ ಸಣ್ಣ ಕೊಳವೆ, ಮಾಡುತ್ತಿದ್ದೇನೆ. ಮೆಲಮೈನ್ ಮತ್ತು ನೀರನ್ನು ಆಟೋಕ್ಲೇವಿನಲ್ಲಿಟ್ಟು (ಒತ್ತಡ ತಡೆಯುವ ಮುಚ್ಚಿದ ಪಾತ್ರೆ), ಒಣಗಿಸಿ, 550 ಡಿಗ್ರಿಯಲ್ಲಿ ಸುಟ್ಟು, ನುಣ್ಣಗೆ ಅರೆದು ಎಲೆಕ್ಟ್ರಾನ್ ಮೈಕ್ರೊಸ್ಕೋಪಿಗೆ ಕಳಿಸಿದೆ. ಬರೀ ಚೂರುಗಳು ಕಂಡವು. ಆದರೂ ಈ ಪುಡಿ ಹಾಕಿ ಬೆಳಕಿಗಿಟ್ಟರೆ ಮೆಥಿಲೀನ್ ಬ್ಲೂ (ಪರೀಕ್ಷೆಗೆ ಬಳಸುವ ನೀಲಿ ಬಣ್ಣ) ಚೆನ್ನಾಗಿ ತಿಳಿಯಾಗುತ್ತಿದೆ. ನಮ್ಮ ಸಕಲೇಶಪುರದ ಕಾಫಿ ತೋಟದ ಪಲ್ಪರ್ ನೀರಿಗೂ (ಹಣ್ಣಿನ ಸಿಪ್ಪೆ ಸುಲಿದ ಮೇಲೆ ಉಳಿಯುವ ನೀರು) ಇದನ್ನು ಹಾಕಬಹುದೇ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: 'ನುಣ್ಣಗೆ ಅರೆದು'. ಖಲ್ಲಿನಲ್ಲಿ ಅರೆದರೆ ಯಾವ ಕೊಳವೆಯೂ ಉಳಿಯದು. ಕುಲುಮೆಯಿಂದ ಬಂದದ್ದನ್ನು ಚಮಚದಿಂದ ಮೆಲ್ಲಗೆ ಬಿಡಿಸಿ, ಅಷ್ಟು ಸಾಕು. ಶಬ್ದದ ಅಲೆಯಿಂದ ಪುಡಿ ಚದುರಿಸುವ ಪ್ರೋಬ್ ಸೋನಿಕೇಟರ್ ಕೂಡ ಬೇಡ.

ಇನ್ನರ್ಧ ಅದಕ್ಕೂ ಹಿಂದಿನದು. ಕೊಳವೆಯ ಆಕಾರ ಬರುವುದು ಆಟೋಕ್ಲೇವಿನಲ್ಲಿ ಬೆಳೆಯುವ ಕಡ್ಡಿಯಿಂದ. 200 ಡಿಗ್ರಿಯ ನೀರಿನಲ್ಲಿ ಮೆಲಮೈನಿನ ಒಂದು ಪಾಲು ಸಯನ್ಯೂರಿಕ್ ಆಮ್ಲವಾಗುತ್ತದೆ. ಅದು ಉಳಿದ ಮೆಲಮೈನಿನ ಜೊತೆ ಹೈಡ್ರೊಜನ್ ಬಂಧದಲ್ಲಿ ಹೆಣೆದುಕೊಂಡು ಆರು ಮೂಲೆಯ ಕಡ್ಡಿಯಾಗಿ ಬೆಳೆಯುತ್ತದೆ. 100 ಮಿಲೀ ಟೆಫ್ಲಾನ್ ಪಾತ್ರೆಗೆ 60–70 ಮಿಲೀ ನೀರು, 1 ಗ್ರಾಂ ಮೆಲಮೈನ್. ಮೊದಲು 80 ಡಿಗ್ರಿಯಲ್ಲಿ ಪೂರ್ತಿ ಕರಗಿಸಿಕೊಳ್ಳಿ, ಆಮೇಲೆ 200 ಡಿಗ್ರಿಯಲ್ಲಿ 12 ಗಂಟೆ. ತಾನಾಗಿ ತಣಿಯಲಿ, ಬಿಸಿಯಲ್ಲಿ ತೆರೆದರೆ ಒತ್ತಡದ ಜೊತೆ ಅಮೋನಿಯಾವೂ ಮುಖಕ್ಕೆ ಹೊಡೆಯುತ್ತದೆ. ಸೋಸಿ, ತೊಳೆದು, 60 ಡಿಗ್ರಿಯಲ್ಲಿ ಒಣಗಿಸಿದ ಪುಡಿಯನ್ನು ಸಾಧಾರಣ ಮೈಕ್ರೊಸ್ಕೋಪಿನಲ್ಲಿ ನೋಡಿ. ಕಡ್ಡಿ ಕಾಣದಿದ್ದರೆ ಕುಲುಮೆ ಹಚ್ಚುವ ಅಗತ್ಯವೇ ಇಲ್ಲ. ಮೆಲಮೈನ್, ಸಯನ್ಯೂರಿಕ್ ಆಮ್ಲ ಎರಡರ ಪುಡಿಗಳನ್ನೂ ದ್ರಾವಕವಾದ ಡಿಎಂಎಸ್‌ಒನಲ್ಲಿ ಬೆರೆಸುವ ಸುಲಭ ದಾರಿ ಇದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಹೂವಿನಂಥ ಉಂಡೆ ಸಿಗುತ್ತದೆ, ಕಡ್ಡಿಯಲ್ಲ. ಮೆಲಮೈನ್–ಸಯನ್ಯೂರಿಕ್ ಜೋಡಿ ಒಳಗೆ ಹೋದರೆ ಮೂತ್ರಪಿಂಡಕ್ಕೆ ಕೆಟ್ಟದ್ದು, ಮಾಸ್ಕ್ ಮರೆಯಬೇಡಿ.

ಕುಲುಮೆಯಲ್ಲಿ ನಡೆಯುವುದು ನೀವು ಕಾಫಿ ಒಣಗಿಸುವ ಕಣದಲ್ಲಿ ನೋಡಿದ್ದೇ. ಒಣಗಿದ ಚೆರ್ರಿ ಕಾಫಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನುತ್ತದಲ್ಲ, ಸಿಪ್ಪೆ ಗಟ್ಟಿಯಾಗಿ ಒಳಗೆ ಜಾಗ ಬಿಟ್ಟಿರುತ್ತದೆ. ಹಾಗೆಯೇ ಕಡ್ಡಿಯ ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ಅಮೋನಿಯಾ ಮೊದಲಾದ ಅನಿಲವಾಗಿ ಹೊರಟು ಟೊಳ್ಳಾಗುತ್ತದೆ. ಬೇಗ ಬಿಸಿ ಮಾಡಿದರೆ ಅನಿಲ ಒಮ್ಮೆಲೇ ನುಗ್ಗಿ ಗೋಡೆ ಒಡೆಯುತ್ತದೆ. ಹಾಗಾಗಿ ಮುಚ್ಚಳದ ಅಲ್ಯೂಮಿನಾ ಕ್ರೂಸಿಬಲ್, ನಿಮಿಷಕ್ಕೆ 2 ಡಿಗ್ರಿ, 520–550 ಡಿಗ್ರಿಯಲ್ಲಿ 4 ಗಂಟೆ, ಎಕ್ಸಾಸ್ಟ್ ಇರುವ ಜಾಗ. ಮುಚ್ಚಳ ಸಡಿಲವಿದ್ದರೆ ಇಳುವರಿ ಹೋಗುತ್ತದೆ. 600 ದಾಟಿದ ಮೇಲೆ ಪದಾರ್ಥವೇ ಒಡೆದು ಅನಿಲವಾಗಿ ಕಡಿಮೆಯಾಗುತ್ತಾ ಬರುತ್ತದೆ. ಎಕ್ಸ್‌ರೇ ವಿವರ್ತನೆಯಲ್ಲಿ 27.4 ಮತ್ತು 13.1 ಡಿಗ್ರಿ ಕೋನದ ಶಿಖರ ಸಿಕ್ಕರೆ ಪದಾರ್ಥ ಸರಿ ಎಂದಷ್ಟೇ ಅರ್ಥ, ಕೊಳವೆ ಎಂದಲ್ಲ. ಅಂದಹಾಗೆ, ಈ ವಿಧಾನದ ಕೊಳವೆಗಳು ಎಷ್ಟೋ ಸಲ ಮೈಕ್ರಾನ್ ದಪ್ಪವೇ ಇರುತ್ತವೆ. ಅಳೆದು ನೋಡಿದ ಮೇಲೆ 'ನ್ಯಾನೊ' ಎಂದು ಹೆಸರಿಡಿ.

ಮೆಥಿಲೀನ್ ಬ್ಲೂ ಬಗ್ಗೆ ಅಷ್ಟು ಖುಷಿ ಬೇಡ. ಅದು ಪುಡಿಗೆ ಅಂಟಿಕೊಳ್ಳುತ್ತದೆ, ಬೆಳಕಿಗೆ ತಾನೂ ಮಾಸುತ್ತದೆ. ನಾಲ್ಕು ಬೀಕರ್ ಇಡಿ: ಪುಡಿ ಮತ್ತು ಬೆಳಕು, ಪುಡಿ ಮತ್ತು ಕತ್ತಲು, ಪುಡಿಯಿಲ್ಲದೆ ಬೆಳಕು, ಒಣ ಮೆಲಮೈನನ್ನೇ ನೇರ ಸುಟ್ಟ ಪುಡಿ ಮತ್ತು ಬೆಳಕು. ಲೀಟರಿಗೆ 10 ಮಿಗ್ರಾಂ ಬಣ್ಣದ ದ್ರಾವಣ ತಲಾ 100 ಮಿಲೀ, ಪುಡಿ 50 ಮಿಗ್ರಾಂ. ಮೊದಲ ಅರ್ಧ ಗಂಟೆ ಎಲ್ಲವನ್ನೂ ಕತ್ತಲಲ್ಲೇ ಕಲಕಿ. ಪ್ರತಿ ಸ್ಯಾಂಪಲ್ ಸೆಂಟ್ರಿಫ್ಯೂಜ್ ಮಾಡಿ 664 ನ್ಯಾನೊಮೀಟರಿನಲ್ಲಿ ಬಣ್ಣ ಹೀರುವ ಬೆಳಕನ್ನು ಅಳೆಯಿರಿ. ಕೊಳವೆಯಿಂದ ಲಾಭ ಇದೆಯೋ ಇಲ್ಲವೋ ನಾಲ್ಕನೆಯದೇ ಹೇಳುತ್ತದೆ. ಕಾರ್ಬನ್ ನೈಟ್ರೈಡಿನ ಬ್ಯಾಂಡ್ ಗ್ಯಾಪ್ (ಅದು ಕೆಲಸ ಮಾಡಲು ಬೆಳಕಿನಿಂದ ಬೇಕಾದ ಕನಿಷ್ಠ ಶಕ್ತಿ) ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್, ಅಂದರೆ 460 ನ್ಯಾನೊಮೀಟರ್ ವರೆಗಿನ ಬೆಳಕು ಮಾತ್ರ ಉಪಯೋಗ; ಹಸಿರು, ಕೆಂಪು ಎಲ್‌ಇಡಿ ದಂಡ. ಬಣ್ಣವಿಲ್ಲದ ಫೀನಾಲ್ ಮೇಲೂ ಪರೀಕ್ಷಿಸಿದರೆ ಪರೀಕ್ಷಕರು ಪ್ರಶ್ನೆ ಕೇಳಲು ಜಾಗ ಸಿಗದು.

ಪಲ್ಪರ್ ನೀರಿಗೆ ನೇರವಾಗಿ ಬೇಡ. ಅದು ಹುಳಿ, ಕಂದು, ಲೀಟರಿಗೆ ಸಾವಿರಗಟ್ಟಲೆ ಮಿಲಿಗ್ರಾಂ ಸಕ್ಕರೆ, ಪೆಕ್ಟಿನ್ ತುಂಬಿದ್ದು. ಬೆಳಕು ಒಳಗೇ ಇಳಿಯುವುದಿಲ್ಲ. ಸುಣ್ಣ ಹಾಕಿ, ಗಾಳಿಯಿಲ್ಲದ ತೊಟ್ಟಿ, ಆಮೇಲೆ ಗಾಳಿ ಹಾಯಿಸುವ ತೊಟ್ಟಿ ದಾಟಿ ಬಂದ ನೀರಿನಲ್ಲಿ ಉಳಿಯುವ ಬಣ್ಣಕ್ಕಷ್ಟೇ ಪ್ರಯತ್ನಿಸಬಹುದು. ಆ ಕೊನೆಯ ತೊಟ್ಟಿಯಿಂದ ಒಂದು ಬಾಟಲಿ ತಂದು, ಅದೇ ನಾಲ್ಕು ಬೀಕರಿನಲ್ಲಿ ಹಾಕಿ ನೋಡಿ.