ದೊಡ್ಡವರಿಗೆ ಮುಖವೇ ಇಲ್ವಾ, ಅಜ್ಜ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಗ್ರಾಫಿಕ್ಸ್ ಸ್ವಲ್ಪ ಸಪ್ಪೆಯಾದರೂ ಎದ್ದು ಹೋಗುತ್ತಾನೆ. ಮೊನ್ನೆ 1982ರ ‘ಇ.ಟಿ.’ ಸಿನಿಮಾ ಹಾಕಿದೆ; ಭೂಮಿಯಲ್ಲಿ ಉಳಿದುಹೋದ ಅನ್ಯಗ್ರಹದ ಜೀವಿಯೊಂದನ್ನು ಎಲಿಯಟ್ ಎಂಬ ಹುಡುಗ ಮನೆಯಲ್ಲಿ ಬಚ್ಚಿಡುವ ಕಥೆ. ‘ಅದು ಬೊಂಬೆ ಅಂತ ಗೊತ್ತಾಗುತ್ತಲ್ಲಪ್ಪಾ’ ಎಂದು ಮೊದಲು ನಕ್ಕ. ಕೊನೆಗೆ ತಿರುಗಿ ನೋಡಿದರೆ ಅಳುತ್ತಿದ್ದ. ನನ್ನ ಕಣ್ಣೂ ಒದ್ದೆ! ಇಷ್ಟು ಹಳೆಯ ಸಿನಿಮಾದಲ್ಲಿ ಅಂಥದ್ದೇನಿದೆ ಸರ್?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ, ಅದು ಬೊಂಬೆಯೇ. ಕಾರ್ಲೋ ರಂಬಾಲ್ಡಿ ಎಂಬ ಇಟಲಿಯ ಕಲಾವಿದ ಮಾಡಿದ್ದು. ನಾನೂ ಮೊದಲ ಸಲ ನೋಡಿದಾಗ ‘ಮಕ್ಕಳ ಸಿನಿಮಾ’ ಎಂದು ಮೂಗು ಮುರಿದವನೇ. ಆಗಷ್ಟೇ ಮೀಸೆ ಚಿಗುರಿತ್ತು, ಅತ್ತರೆ ಮರ್ಯಾದೆ ಹೋಗುವ ವಯಸ್ಸು. ವಿಷಯ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಮೊಮ್ಮಗಳ ಜೊತೆ ನೋಡುವಾಗ. ಅರ್ಧ ಸಿನಿಮಾ ಆದ ಮೇಲೆ ಅವಳು ಕೇಳಿದಳು: ‘ಅಜ್ಜ, ಇದರಲ್ಲಿ ದೊಡ್ಡವರಿಗೆ ಮುಖವೇ ಇಲ್ವಾ?’

ಮತ್ತೆ ಮೊದಲಿನಿಂದ ಹಾಕಿ ನೋಡಿದೆ. ಹೌದಲ್ಲ! ಎಲಿಯಟ್‌ನ ಅಮ್ಮನನ್ನು ಬಿಟ್ಟರೆ ಬಹಳ ಹೊತ್ತಿನವರೆಗೆ ದೊಡ್ಡವರು ಕಾಣುವುದು ಸೊಂಟದ ಕೆಳಗೆ, ಇಲ್ಲವೇ ನೆರಳಾಗಿ. ಕಪ್ಪೆಯ ಪಾಠ ಮಾಡುವ ಮೇಷ್ಟ್ರಿಗೂ ಮುಖವಿಲ್ಲ. ಆ ಜೀವಿಯನ್ನು ಹುಡುಕಿಕೊಂಡು ಬರುವವರಲ್ಲಿ ಒಬ್ಬನ ಗುರುತೆಂದರೆ ಸೊಂಟದಲ್ಲಿ ಝಣಗುಡುವ ಕೀಲಿಗೊಂಚಲು, ಅಷ್ಟೇ. ನಿರ್ದೇಶಕ ಸ್ಪೀಲ್‌ಬರ್ಗ್ ಕ್ಯಾಮೆರಾವನ್ನು ಆ ಹುಡುಗನ ಕಣ್ಣಿನ ಮಟ್ಟಕ್ಕೆ ಇಳಿಸಿಬಿಟ್ಟಿದ್ದಾರೆ. ಮಕ್ಕಳಿಗೆ ನಾವು ಕಾಣುವುದೇ ಹಾಗಲ್ವಾ? ಒಂದು ಬೆಲ್ಟು, ಒಂದು ದನಿ, ಬಾಗಿಲಾಚೆ ಹೆಜ್ಜೆ ಸದ್ದು. ನಿಮ್ಮ ಮಗನಿಗೆ ಬೊಂಬೆ ಮರೆತುಹೋದದ್ದು ಬಹುಶಃ ಅಲ್ಲೇ.

ಇನ್ನು ಅಳುವಿನ ವಿಚಾರ. ಈ ಸಿನಿಮಾವನ್ನು ಹೆಚ್ಚುಕಡಿಮೆ ಕಥೆಯ ಕ್ರಮದಲ್ಲೇ ಚಿತ್ರೀಕರಿಸಿದರು. ಸಾಮಾನ್ಯವಾಗಿ ಯಾರೂ ಹಾಗೆ ಮಾಡುವುದಿಲ್ಲ, ಖರ್ಚು ಜಾಸ್ತಿ. ಆದರೆ ಇಲ್ಲಿ ಬೀಳ್ಕೊಡುವ ದೃಶ್ಯದ ಹೊತ್ತಿಗೆ ಮಕ್ಕಳು ವಾರಗಟ್ಟಲೆ ಆ ಬೊಂಬೆಯ ಜೊತೆ ಇದ್ದವರು. ತಂಗಿಯ ಪಾತ್ರದ ಡ್ರೂ ಬ್ಯಾರಿಮೋರ್‌ಗೆ ಆಗ ಬರೀ 6 ವರ್ಷ. ಅದೆಲ್ಲ ಸುಮ್ನೆ ನಟನೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮೇಲಿಂದ ಜಾನ್ ವಿಲಿಯಮ್ಸ್ ಸಂಗೀತ. ಕೊನೆಯ ಭಾಗದಲ್ಲಿ ಚಿತ್ರಕ್ಕೆ ಸಂಗೀತ ಕೂರುತ್ತಿರಲಿಲ್ಲವಂತೆ. ಸ್ಪೀಲ್‌ಬರ್ಗ್ ಪರದೆ ಆರಿಸಿ, ‘ನಿಮ್ಮ ಪಾಡಿಗೆ ನುಡಿಸಿ’ ಎಂದರು. ಆಮೇಲೆ ಆ ಸಂಗೀತಕ್ಕೆ ಹೊಂದುವಂತೆ ದೃಶ್ಯಗಳನ್ನೇ ಕತ್ತರಿಸಿ ಜೋಡಿಸಿದರು.

ನಿಮ್ಮ ಕಣ್ಣು ಒದ್ದೆಯಾದ ಕಾರಣ ಬೇರೆ ಇರಬಹುದು. ಕೀಲಿಗೊಂಚಲಿನವನ ಮುಖ ಕೊನೆಗೂ ಕಾಣುತ್ತದೆ, ನೆನಪಿದೆಯಾ? ಅಷ್ಟು ಹೊತ್ತು ನಾವು ಹೆದರಿದ್ದ ಆ ಮನುಷ್ಯ ಎಲಿಯಟ್‌ಗೆ ಹೇಳುವುದಿಷ್ಟು: ನಾನೂ 10 ವರ್ಷದವನಿದ್ದಾಗಿನಿಂದ ಇದನ್ನೇ ಬಯಸುತ್ತಿದ್ದೆ. ನನಗಂತೂ ಗಂಟಲು ಕಟ್ಟುವುದು ಅಲ್ಲೇ, ಹಾರುವ ಸೈಕಲ್‌ಗಳಿಗಲ್ಲ.

ಒಂದು ಮಾತು. 2002ರಲ್ಲಿ ಬಂದ ಆವೃತ್ತಿ ಬೇಡ. ಅದರಲ್ಲಿ ಪೊಲೀಸರ ಕೈಯ ಬಂದೂಕು ಅಳಿಸಿ ವಾಕಿಟಾಕಿ ಇಟ್ಟಿದ್ದಾರೆ. ಹಾಗೆ ಮಾಡಬಾರದಿತ್ತು ಎಂದು ಆಮೇಲೆ ಸ್ಪೀಲ್‌ಬರ್ಗ್ ಅವರೇ ಹೇಳಿದರು. ಹಳೆಯದನ್ನೇ ಹಾಕಿ. ಮಗನ ಪಕ್ಕ ನೆಲದ ಮೇಲೆ ಕೂತು, ಕೀಲಿ ಸದ್ದು ಮೊದಲು ಯಾರಿಗೆ ಕೇಳಿಸುತ್ತದೆ ನೋಡಿ. ನಮ್ಮ ಮನೆಯಲ್ಲಿ ನಾನು ಸೋತೆ.