ನೌಕರನ ಮಾತು ಸಂಸ್ಥೆಯ ಮಾತಾಗುವುದು ಯಾವಾಗ?

ಪ್ರಶ್ನೆ: ಒಂದು ಸಂಸ್ಥೆಯ ಗೋದಾಮಿನಲ್ಲಿ ಬಾಡಿಗೆ ಕೊಟ್ಟು ಇರಿಸಿದ್ದ ನನ್ನ ಬಟ್ಟೆಯ ಬೇಲ್‌ಗಳು ಮಳೆಯಲ್ಲಿ ನೆನೆದು ಹಾಳಾದವು. ಸರಕು ನೋಡಲು ಹೋದ ದಿನ ಅಲ್ಲಿನ ಮೇಲ್ವಿಚಾರಕರು, “ಚಾವಣಿ ಸೋರುತ್ತಿದೆ ಎಂದು ತಿಂಗಳ ಹಿಂದೆಯೇ ಕಚೇರಿಗೆ ಬರೆದಿದ್ದೆ, ಯಾರೂ ರಿಪೇರಿ ಮಾಡಿಸಲಿಲ್ಲ” ಎಂದರು. ಕೆಲಸ ಬಿಟ್ಟ ಮೇಲೆ ವಾಟ್ಸಾಪ್‌ನಲ್ಲೂ ಅದನ್ನೇ ಬರೆದಿದ್ದಾರೆ. ನೌಕರನ ಮಾತಿಗೆ ತಾವು ಹೊಣೆಯಲ್ಲ ಎಂದು ಸಂಸ್ಥೆ ಹೇಳುತ್ತಿದೆ. ಈ ಮಾತುಗಳನ್ನು ದಾವೆಯಲ್ಲಿ ಬಳಸಬಹುದೇ?

ಉತ್ತರ: ಬಳಸಬಹುದು. ಆದರೆ ನಿಮ್ಮ ಕೈಯಲ್ಲಿರುವ ಎರಡು ಹೇಳಿಕೆಗಳಿಗೆ ಕಾನೂನಿನಲ್ಲಿ ಒಂದೇ ತೂಕವಿಲ್ಲ.

ನ್ಯಾಯಾಲಯದ ಹೊರಗೆ ಆಡಿದ ಮಾತನ್ನು ಅದರ ಸತ್ಯತೆಗೆ ಸಾಕ್ಷ್ಯವೆಂದು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಡಿದವನು ಪ್ರಮಾಣ ಮಾಡಿರುವುದಿಲ್ಲ, ಪಾಟೀಸವಾಲಿಗೂ ಒಳಗಾಗಿರುವುದಿಲ್ಲ. ಪಕ್ಷಕಾರನು ತನ್ನ ವಿರುದ್ಧವೇ ಒಪ್ಪಿಕೊಂಡ ಮಾತು ಇದಕ್ಕೆ ಅಪವಾದ. ಸಂಸ್ಥೆಗೆ ಸ್ವಂತ ಬಾಯಿಲ್ಲದ ಕಾರಣ ಅದು ತನ್ನ ಜನರ ಮೂಲಕವೇ ಮಾತನಾಡಬೇಕು. ಹೀಗಾಗಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 16ನೇ ಕಲಮು, ಪ್ರಕರಣದ ಸಂದರ್ಭವನ್ನು ನೋಡಿ ಯಾವ ಪ್ರತಿನಿಧಿಗೆ ಆ ಮಾತನ್ನಾಡುವ ಅಧಿಕಾರ ಸ್ಪಷ್ಟವಾಗಿಯೋ ಸೂಚ್ಯವಾಗಿಯೋ ಇತ್ತೆಂದು ನ್ಯಾಯಾಲಯ ಭಾವಿಸುತ್ತದೆಯೋ, ಅವನ ಹೇಳಿಕೆಯನ್ನು ಪಕ್ಷಕಾರನ ಒಪ್ಪಿಗೆಯೆಂದೇ ಪರಿಗಣಿಸುತ್ತದೆ. 1872ರ ಹಳೆಯ ಅಧಿನಿಯಮದ 18ನೇ ಕಲಮಿನಲ್ಲೂ ಇದೇ ನಿಯಮವಿತ್ತು.

ನಿಮ್ಮ ಪ್ರಕರಣ ನಿಂತಿರುವುದು ಈ ಸೂಚ್ಯ ಅಧಿಕಾರದ ಮೇಲೆ. ಸರಕು ಕಾಯುವುದು, ಅದರ ಸ್ಥಿತಿಯನ್ನು ಸರಕಿನ ಒಡೆಯರಿಗೆ ತಿಳಿಸುವುದು ಮೇಲ್ವಿಚಾರಕರ ಕೆಲಸವೇ ಆಗಿದ್ದರೆ, ಅದು ಹೇಗೆ ಹಾಳಾಯಿತೆಂದು ಅವರು ಹೇಳಿದ್ದು ಆ ಕೆಲಸದ ಭಾಗವೆಂದು ನೀವು ಬಲವಾಗಿ ವಾದಿಸಬಹುದು. ಅದೇ ಮಾತನ್ನು ಮೂಟೆ ಹೊರುವವರೋ ಕಾವಲುಗಾರರೋ ಆಡಿದ್ದರೆ, ಅದು ನಿಜವೇ ಇದ್ದರೂ, ಸಂಸ್ಥೆಯ ಒಪ್ಪಿಗೆಯೆನ್ನುವುದು ಕಷ್ಟ. ತಾನೇ ಇಲ್ಲಿನ ಉಸ್ತುವಾರಿ ಎಂದು ಅವರು ಹೇಳಿಕೊಂಡಿದ್ದಷ್ಟೇ ಸಾಲದು. ಅವರು ಸಹಿ ಹಾಕಿದ ರಸೀದಿಗಳು, ಅವರನ್ನೇ ಸಂಪರ್ಕಿಸಿ ಎಂದು ಸಂಸ್ಥೆ ನಿಮಗೆ ಬರೆದ ಪತ್ರಗಳು ಬೇಕು.

ಅಮೆರಿಕದಲ್ಲಿ 1975ರಿಂದ ಜಾರಿಯಲ್ಲಿರುವ ಫೆಡರಲ್ ಸಾಕ್ಷ್ಯ ನಿಯಮಗಳು ಇನ್ನೂ ಉದಾರ. ಮಾತನಾಡುವ ಅಧಿಕಾರವನ್ನು ಅವು ಕೇಳುವುದಿಲ್ಲ. ವಿಷಯ ನೌಕರನ ಕೆಲಸದ ವ್ಯಾಪ್ತಿಯಲ್ಲಿದ್ದು, ನೌಕರಿಯಲ್ಲಿದ್ದಾಗಲೇ ಹೇಳಿದ್ದರೆ ಸಾಕು. ಸಾಕಿದ ತೋಳ ಮಗುವನ್ನು ಕಚ್ಚಿತೆಂದು, ಅದನ್ನು ಕಣ್ಣಾರೆ ಕಾಣದ ನೌಕರನೊಬ್ಬ ಬರೆದಿಟ್ಟ ಚೀಟಿಯನ್ನೂ ಅಲ್ಲಿನ ಮೇಲ್ಮನವಿ ನ್ಯಾಯಾಲಯ 1978ರಲ್ಲಿ ಸಂಸ್ಥೆಯ ವಿರುದ್ಧ ಸಾಕ್ಷ್ಯವಾಗಿ ಒಪ್ಪಿತು. ನಮ್ಮ ಕಲಮಿನ ಪದಗಳು ಅಷ್ಟು ವಿಶಾಲವಲ್ಲದ ಕಾರಣ, ಅವರು ನೌಕರರಾಗಿದ್ದರು ಎಂಬುದೊಂದನ್ನೇ ನಂಬಿ ದಾವೆ ಹೂಡಬೇಡಿ.

ವಾಟ್ಸಾಪ್ ಸಂದೇಶದ ಸ್ಥಿತಿ ಬೇರೆ. ನೌಕರಿಯೊಂದಿಗೆ ಅಧಿಕಾರವೂ ಮುಗಿದಿದ್ದರಿಂದ ಅದು ಸಂಸ್ಥೆಯ ಒಪ್ಪಿಗೆಯಾಗದು. ಆದರೆ ಅವರನ್ನೇ ಸಾಕ್ಷಿಯಾಗಿ ಕರೆಸಬಹುದು. ಚಾವಣಿ ಸೋರಿದ್ದನ್ನು ಕಂಡವರೂ ಕಚೇರಿಗೆ ಬರೆದವರೂ ಅವರೇ ಆದ್ದರಿಂದ ಅವರ ನುಡಿ ನೇರ ಸಾಕ್ಷ್ಯ. ಅವರು ಮಾತು ಬದಲಿಸಿದರೆ ನ್ಯಾಯಾಲಯದ ಅನುಮತಿ ಪಡೆದು ಈ ಸಂದೇಶವನ್ನು ಅವರ ಮುಂದಿಡಬಹುದು. ಅದಕ್ಕೆ ವಿದ್ಯುನ್ಮಾನ ದಾಖಲೆಗಳ ಬಗೆಗಿನ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಫೋನಿನಿಂದ ಏನನ್ನೂ ಅಳಿಸಬೇಡಿ.

ನನ್ನ ದೃಷ್ಟಿಯಲ್ಲಿ ಈ ಎರಡಕ್ಕಿಂತ ಗಟ್ಟಿಯಾದದ್ದು ಅವರು ಕಚೇರಿಗೆ ಬರೆದ ಪತ್ರ. ಭಾರತೀಯ ಕರಾರು ಅಧಿನಿಯಮದ 229ನೇ ಕಲಮಿನಂತೆ, ಸಂಸ್ಥೆಯ ವ್ಯವಹಾರ ನಡೆಸುವಾಗ ಪ್ರತಿನಿಧಿಗೆ ತಿಳಿದದ್ದು ಸಂಸ್ಥೆಗೂ ತಿಳಿದಂತೆಯೇ. ಇಲ್ಲಂತೂ ಲಿಖಿತವಾಗಿಯೇ ತಿಳಿಸಲಾಗಿದೆ. ಆ ಪತ್ರವನ್ನು ಹಾಜರುಪಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಡಿ ಅರ್ಜಿ ಹಾಕಿಸಿ.

ಒಪ್ಪಿಗೆಯ ಮಾತು ಅಂತಿಮ ಪುರಾವೆಯಲ್ಲ ಎಂದು ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳುವುದರಿಂದ, ಮೇಲ್ವಿಚಾರಕರು ತಪ್ಪು ತಿಳಿದಿದ್ದರೆಂದು ತೋರಿಸುವ ಅವಕಾಶ ಸಂಸ್ಥೆಗಿದೆ. ಆದ್ದರಿಂದ ಅಂದು ಅವರು ಏನೆಂದರು, ಯಾವ ಹೊತ್ತಿನಲ್ಲಿ, ಜೊತೆಯಲ್ಲಿ ಯಾರಿದ್ದರು ಎಂಬುದನ್ನು ಈಗಲೇ ಬರೆದಿಡಿ. ಅದನ್ನು ಉಲ್ಲೇಖಿಸಿ ವಕೀಲರ ಮೂಲಕ ಸಂಸ್ಥೆಗೆ ನೋಟಿಸ್ ಕಳುಹಿಸಿ.